ಚಾರ್ಲ್ಸ್ ಬ್ರೆಂಟನ್ ಹಗಿನ್ಸ್

ಚಾರ್ಲ್ಸ್ ಬ್ರೆಂಟನ್ ಹಗಿನ್ಸ್ (22 ಸೆಪ್ಟೆಂಬರ್ 1901 – 12 ಜನವರಿ 1997) ಕೆನಡಾದಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಶಸ್ತ್ರವೈದ್ಯರು ಹಾಗೂ ಕ್ಯಾನ್ಸರ್ ಸಂಶೋಧಕರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗಳಿಗೆ ಹರಡಿದ ನಂತರವೂ ಅದರ ಬೆಳವಣಿಗೆ ಪುರುಷ ಹಾರ್ಮೋನುಗಳನ್ನು ಅವಲಂಬಿಸಿರುತ್ತದೆ ಎಂಬುದನ್ನು ಅವರು 1941ರಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಈ ಕಾರ್ಯಕ್ಕಾಗಿ ಅವರಿಗೆ 1966ನೆಯ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಆ ವರ್ಷದ ಪ್ರಶಸ್ತಿಯನ್ನು ಅವರೊಡನೆ ಹಂಚಿಕೊಂಡವರು ಪೇಟನ್ ರೌಸ್.

ಹಗಿನ್ಸ್ ಅವರ ಹೆಸರು ಸಾಮಾನ್ಯವಾಗಿ ಹಾರ್ಮೋನು ಚಿಕಿತ್ಸೆಯೊಂದಿಗೆ ತಳುಕು ಹಾಕಿಕೊಂಡಿದೆ. ಆದರೆ ಅವರ ಸಂಶೋಧನಾ ಜೀವನ ಆರಂಭವಾದದ್ದು ದೇಹದಲ್ಲಿ ಮೂಳೆ ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆಯಿಂದ. ಮೂಳೆಯ ರಚನೆಗೆ ಸಂಬಂಧಿಸಿದ ಒಂದು ಕಿಣ್ವದ ಪರಿಚಯ ಅವರಿಗೆ ಮೊದಲೇ ಇದ್ದುದರಿಂದಲೇ, ಮುಂದೆ ಮೂಳೆಗೆ ಹರಡಿದ ಕ್ಯಾನ್ಸರಿನ ಏರಿಳಿತವನ್ನು ರೋಗಿಯ ರಕ್ತದಲ್ಲಿ ಅಳೆದು ತಿಳಿಯುವುದು ಅವರಿಗೆ ಸಾಧ್ಯವಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಗಿನ್ಸ್ ಅವರು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಎಡ್ವರ್ಡ್ ಹಗಿನ್ಸ್ ಔಷಧ ವ್ಯಾಪಾರಿಯಾಗಿದ್ದರು. ತಾಯಿ ಬೆಸ್ಸಿ ಮರಿಯಾ ಸ್ಪೆನ್ಸರ್. ಹ್ಯಾಲಿಫ್ಯಾಕ್ಸಿನ ಶಾಲೆಗಳಲ್ಲಿ ಓದು ಮುಗಿಸಿದ ಅವರು ಅದೇ ಪ್ರಾಂತ್ಯದ ವುಲ್ಫ್‌ವಿಲ್ ಎಂಬ ಸಣ್ಣ ಊರಿನಲ್ಲಿರುವ ಅಕಾಡಿಯಾ ವಿಶ್ವವಿದ್ಯಾನಿಲಯವನ್ನು ಸೇರಿ 1920ರಲ್ಲಿ ಪದವಿ ಪಡೆದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ ತುಂಬಿರಲಿಲ್ಲ.

ಅನಂತರ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವ್ಯಾಸಂಗ ಮಾಡಿ 1924ರಲ್ಲಿ ವೈದ್ಯ ಪದವಿಯನ್ನು ಗಳಿಸಿದರು. ಶಸ್ತ್ರವೈದ್ಯದ ತರಬೇತಿಯನ್ನು ಆನ್ ಆರ್ಬರ್ ನಗರದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಡರಿಕ್ ಕಾಲರ್ ಅವರ ಮಾರ್ಗದರ್ಶನದಲ್ಲಿ ಪಡೆದರು. ದಾದಿಯಾಗಿದ್ದ ಮಾರ್ಗರೆಟ್ ವೆಲ್‌ಮನ್ ಅವರ ಪರಿಚಯವಾದದ್ದು ಅಲ್ಲಿಯೇ. 1927ರಲ್ಲಿ ಇಬ್ಬರೂ ವಿವಾಹವಾದರು. ದಂಪತಿಗಳಿಗೆ ಒಬ್ಬ ಮಗ, ಒಬ್ಬಳು ಮಗಳು.

ಶಿಕಾಗೋ ವಿಶ್ವವಿದ್ಯಾನಿಲಯ

1927ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯವು ತನ್ನ ಹೊಸ ವೈದ್ಯಕೀಯ ಶಾಲೆಯನ್ನು ಆರಂಭಿಸಿತು. ಅದರ ಮೊದಲ ಎಂಟು ಮಂದಿ ಅಧ್ಯಾಪಕರಲ್ಲಿ ಹಗಿನ್ಸ್ ಒಬ್ಬರು. ಆ ವೃತ್ತಿಸಂಬಂಧ ಅವರ ಬದುಕಿನ ಕೊನೆಯವರೆಗೂ ಮುಂದುವರಿಯಿತು. ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಡಲ್ಲಾಸ್ ಫೆಮಿಸ್ಟರ್ ಸ್ವತಃ ಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದವರು. ಚಿಕಿತ್ಸೆ ನೀಡುವ ವೈದ್ಯನು ಸಂಶೋಧನೆಯನ್ನೂ ಮಾಡಬೇಕು ಎಂಬುದು ಆ ಶಾಲೆಯ ಧೋರಣೆಯಾಗಿತ್ತು.

ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯ ಹೊಣೆಯನ್ನು ಫೆಮಿಸ್ಟರ್ ಈ ತರುಣ ವೈದ್ಯರಿಗೆ ವಹಿಸಿದರು. ಆ ಶಾಖೆಯಲ್ಲಿ ಹಗಿನ್ಸ್ ಅವರಿಗೆ ವಿಶೇಷ ತರಬೇತಿ ಇರಲಿಲ್ಲ. ಪಠ್ಯಪುಸ್ತಕಗಳನ್ನು ಅಭ್ಯಾಸ ಮಾಡಿ ತಾವಾಗಿಯೇ ಅದನ್ನು ಕಲಿತುಕೊಂಡರು. ಹೀಗೆ ಅನಿರೀಕ್ಷಿತವಾಗಿ ದೊರೆತ ಈ ಕ್ಷೇತ್ರವೇ ಅವರನ್ನು ಪ್ರಾಸ್ಟೇಟ್ ಗ್ರಂಥಿಯ ಬಳಿಗೆ ಕರೆದೊಯ್ದಿತು. 1933ರಲ್ಲಿ ಅವರು ಅಮೆರಿಕದ ಪೌರತ್ವ ಪಡೆದರು. 1936ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು.

ಮೂಳೆಯ ರಚನೆಯ ಕುರಿತ ಆರಂಭದ ಸಂಶೋಧನೆ

ಹಗಿನ್ಸ್ ಅವರ ಮೊದಲ ಮಹತ್ವದ ಪ್ರಬಂಧ 1931ರಲ್ಲಿ ಪ್ರಕಟವಾಯಿತು. ಮೂತ್ರನಾಳ ಮತ್ತು ಮೂತ್ರಕೋಶಗಳ ಒಳಗೋಡೆಯನ್ನು ಆವರಿಸಿರುವ ಕೋಶಪದರವನ್ನು ನಾಯಿಯ ಹೊಟ್ಟೆಯ ಸ್ನಾಯುಗಳ ಹೊದಿಕೆಗೆ ಕಸಿ ಮಾಡಿದಾಗ, ಆ ಕಸಿಯ ಸುತ್ತ ಕೆಲವು ವಾರಗಳಲ್ಲಿ ನಿಜವಾದ ಮೂಳೆ ರೂಪುಗೊಳ್ಳುವುದನ್ನು ಅವರು ಕಂಡರು. ಮೂಳೆ ಎಂದೂ ಇರದ ಸ್ಥಳದಲ್ಲಿ ಮೂಳೆ ಹುಟ್ಟಿತ್ತು. ಆ ಮೂಳೆಯನ್ನು ಕಟ್ಟಿದ್ದು ಕಸಿ ಮಾಡಿದ ಕೋಶಗಳಲ್ಲ. ಅವುಗಳ ಸಾಮೀಪ್ಯದಿಂದ ಪ್ರಚೋದನೆ ಪಡೆದ ನೆರೆಯ ಅಂಗಾಂಶದ ಕೋಶಗಳು. ಒಂದು ಬಗೆಯ ಕೋಶವು ರಾಸಾಯನಿಕ ಸಂಕೇತಗಳ ಮೂಲಕ ಮತ್ತೊಂದು ಬಗೆಯ ಕೋಶವನ್ನು ಮೂಳೆ ಕಟ್ಟುವ ಕೆಲಸಕ್ಕೆ ತೊಡಗಿಸಬಲ್ಲದು ಎಂಬ ಸೂಚನೆ ಇದರಲ್ಲಿತ್ತು.

ಮೂಳೆಯ ರಸಾಯನ ವಿಜ್ಞಾನವನ್ನು ಕಲಿಯುವ ಸಲುವಾಗಿ ಹಗಿನ್ಸ್ ಯುರೋಪಿಗೆ ತೆರಳಿದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ರಾಬರ್ಟ್ ರಾಬಿಸನ್ ಅವರ ಬಳಿ ಕೆಲಸ ಮಾಡಿದರು. ಬೆಳೆಯುತ್ತಿರುವ ಮೂಳೆಯಲ್ಲಿ ಫಾಸ್ಫಟೇಸ್ ಎಂಬ ಕಿಣ್ವ ಹೇರಳವಾಗಿರುವುದನ್ನು ರಾಬಿಸನ್ 1923ರಲ್ಲಿ ವರದಿ ಮಾಡಿದ್ದರು. ಈ ಕಿಣ್ವವು ಸಾವಯವ ಸಂಯುಕ್ತಗಳಿಂದ ಫಾಸ್ಫೇಟನ್ನು ಬಿಡಿಸುತ್ತದೆ, ಆ ಫಾಸ್ಫೇಟು ಕ್ಯಾಲ್ಸಿಯಂ ಜೊತೆ ಸೇರಿ ಮೂಳೆಯಲ್ಲಿ ಶೇಖರವಾಗುತ್ತದೆ ಎಂಬುದು ಅವರ ಪ್ರತಿಪಾದನೆಯಾಗಿತ್ತು. ಕ್ಷಾರ ಗುಣದ ದ್ರಾವಣದಲ್ಲಿ ಚುರುಕಾಗಿ ಕೆಲಸ ಮಾಡುವುದರಿಂದ ಇದಕ್ಕೆ ಕ್ಷಾರೀಯ ಫಾಸ್ಫಟೇಸ್ ಎಂಬ ಹೆಸರು ಬಂದಿದೆ. ಮೂಳೆ ಕಟ್ಟುವ ಕೋಶಗಳು ಚಟುವಟಿಕೆಯಿಂದಿರುವಾಗ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ಇದೇ ಪ್ರವಾಸದ ಅವಧಿಯಲ್ಲಿ ಹಗಿನ್ಸ್ ಅವರಿಗೆ ಬರ್ಲಿನ್ನಿನ ಜೀವರಸಾಯನ ವಿಜ್ಞಾನಿ ಆಟೊ ವಾರ್‌ಬರ್ಗ್ ಅವರ ಒಡನಾಟವೂ ಲಭಿಸಿತು.

ಅಮೆರಿಕಕ್ಕೆ ಮರಳಿದ ನಂತರ ಅವರು ಮೂಳೆಮಜ್ಜೆಯ ಅಧ್ಯಯನಕ್ಕೂ ಕೈಹಾಕಿದರು. ಇಲಿಯ ಬಾಲದ ಮೂಳೆಗಳಲ್ಲಿ ಸಾಮಾನ್ಯವಾಗಿ ಕೊಬ್ಬು ತುಂಬಿದ ಹಳದಿ ಮಜ್ಜೆ ಇರುತ್ತದೆ. ಬಾಲವನ್ನು ಬಗ್ಗಿಸಿ ಹೊಟ್ಟೆಯೊಳಗಿನ ಬೆಚ್ಚನೆಯ ಜಾಗದಲ್ಲಿ ಇರಿಸಿದಾಗ ಆ ಭಾಗದ ಮಜ್ಜೆ ರಕ್ತಕಣಗಳನ್ನು ತಯಾರಿಸುವ ಕೆಂಪು ಮಜ್ಜೆಯಾಗಿ ಬದಲಾಯಿತು. ದೇಹದ ಹೊರ ಅಂಚಿನಲ್ಲಿರುವ ಮೂಳೆಗಳ ಮಜ್ಜೆಯ ಸ್ವರೂಪವನ್ನು ಉಷ್ಣತೆ ಪ್ರಭಾವಿಸುತ್ತದೆ ಎಂಬುದು 1936ರ ಈ ಪ್ರಯೋಗದಿಂದ ತಿಳಿದುಬಂದಿತು.

ಪ್ರಾಸ್ಟೇಟ್ ಗ್ರಂಥಿಯ ಅಧ್ಯಯನ

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಒಂದು ಗ್ರಂಥಿ. ವೀರ್ಯದ ದ್ರವಾಂಶದ ಒಂದು ಭಾಗ ಇಲ್ಲಿ ಉತ್ಪತ್ತಿಯಾಗುತ್ತದೆ. ಹಗಿನ್ಸ್ ಅವರು 1930ರ ದಶಕದಲ್ಲಿ ಈ ದ್ರವದ ರಾಸಾಯನಿಕ ಸ್ವರೂಪವನ್ನು ತಿಳಿಯಲು ಬಯಸಿದರು. ಇದಕ್ಕಾಗಿ ನಾಯಿಯ ಪ್ರಾಸ್ಟೇಟ್ ಗ್ರಂಥಿಯನ್ನು ಮೂತ್ರಕೋಶದಿಂದ ಬೇರ್ಪಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಇದರಿಂದ ಮೂತ್ರದ ಬೆರಕೆಯಿಲ್ಲದ ಶುದ್ಧ ಸ್ರಾವವನ್ನು ಬಹುಕಾಲದವರೆಗೆ ಸಂಗ್ರಹಿಸಿ ಅಳೆಯುವುದು ಸಾಧ್ಯವಾಯಿತು.

ಅಳತೆ ಸಾಧ್ಯವಾದ ಮೇಲೆ ಗ್ರಂಥಿಯ ಸ್ವಭಾವ ಸ್ಪಷ್ಟವಾಗತೊಡಗಿತು. ವೃಷಣಗಳನ್ನು ತೆಗೆದುಹಾಕಿದರೆ ಸ್ರಾವ ನಿಂತು ಗ್ರಂಥಿ ಕುಗ್ಗುತ್ತಿತ್ತು. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನ್ ನೀಡಿದರೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ನೀಡಿದರೆ ಪುನಃ ಕುಗ್ಗುತ್ತಿತ್ತು. ಪ್ರಯೋಗಕ್ಕೆ ಬಳಸಿದ ಕೆಲವು ಮುದಿ ನಾಯಿಗಳ ಪ್ರಾಸ್ಟೇಟಿನಲ್ಲಿ ತಾನಾಗಿಯೇ ಬೆಳೆದ ಗಡ್ಡೆಗಳಿದ್ದವು. ಮೊದಲು ಇವು ಪ್ರಯೋಗಕ್ಕೆ ಅಡ್ಡಿಯೆಂದೇ ತೋರಿದವು. ಆದರೆ ವೃಷಣಗಳನ್ನು ತೆಗೆದಾಗ ಈ ಬೆಳವಣಿಗೆಗಳೂ ಕುಗ್ಗಿದವು. ನಾಯಿಯಲ್ಲಿ ಕಂಡದ್ದು ಮನುಷ್ಯನ ಪ್ರಾಸ್ಟೇಟ್ ಕ್ಯಾನ್ಸರಿಗೂ ಅನ್ವಯಿಸೀತೆ ಎಂಬ ಪ್ರಶ್ನೆ ಇಲ್ಲಿ ಉದ್ಭವಿಸಿತು.

ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್

ಆ ಪ್ರಶ್ನೆಯ ತೀವ್ರತೆಯನ್ನು ಅರಿಯಲು ಅಂದಿನ ರೋಗಿಗಳ ಸ್ಥಿತಿಯನ್ನು ತಿಳಿಯುವುದು ಅಗತ್ಯ. ಪ್ರಾಸ್ಟೇಟ್ ಕ್ಯಾನ್ಸರ್ ಹರಡುವಾಗ ಮೂಳೆಗಳನ್ನು ವಿಶೇಷವಾಗಿ ಆಶ್ರಯಿಸುತ್ತದೆ. ಬೆನ್ನೆಲುಬು, ಸೊಂಟದ ಮೂಳೆಗಳು, ಪಕ್ಕೆಲುಬುಗಳು ಮತ್ತು ತೊಡೆಯ ಮೂಳೆಯ ಮೇಲ್ಭಾಗ ಅದರ ಮುಖ್ಯ ನೆಲೆಗಳು. ರೋಗಿಗೆ ಎಡೆಬಿಡದ ನೋವು ಕಾಡುತ್ತದೆ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದರೆ ಕಾಲುಗಳು ಸ್ವಾಧೀನ ತಪ್ಪಬಹುದು. 1940ಕ್ಕೆ ಮೊದಲು ಈ ಹಂತವನ್ನು ತಲುಪಿದವರಿಗೆ ನೋವು ಶಮನದ ಮದ್ದು ಮತ್ತು ವಿಕಿರಣವನ್ನು ಬಿಟ್ಟರೆ ಹೆಚ್ಚಿನ ಉಪಾಯಗಳಿರಲಿಲ್ಲ.

ಆರೋಗ್ಯವಂತ ಮೂಳೆಯೂ ಸದಾ ಬದಲಾಗುತ್ತಿರುವ ಅಂಗಾಂಶವೇ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ. ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ಇವೆರಡರ ನಡುವಿನ ಸಮತೋಲದಿಂದ ಮೂಳೆ ಗಟ್ಟಿಯಾಗಿ ಉಳಿಯುತ್ತದೆ. ಮೂಳೆಗೆ ಹರಡುವ ಹಲವು ಕ್ಯಾನ್ಸರುಗಳು ಕರಗಿಸುವ ಕೆಲಸವನ್ನು ಹೆಚ್ಚಿಸಿ ಮೂಳೆಯಲ್ಲಿ ತೂತುಗಳನ್ನು ಉಂಟುಮಾಡುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಕ್ಯಾನ್ಸರ್ ಕೋಶಗಳು ಆಸ್ಟಿಯೋಬ್ಲಾಸ್ಟುಗಳನ್ನು ಅತಿಯಾಗಿ ಪ್ರಚೋದಿಸುವುದರಿಂದ ಹೊಸ ಮೂಳೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಆ ಜಾಗಗಳು ದಟ್ಟ ಬಿಳಿಯ ಕಲೆಗಳಾಗಿ ಕಾಣುತ್ತವೆ.

ಹೀಗೆ ಬೆಳೆದ ಮೂಳೆ ನೋಟಕ್ಕೆ ದಟ್ಟವಾಗಿದ್ದರೂ ಬಲವಾದುದಲ್ಲ. ಸಹಜ ಮೂಳೆಯಲ್ಲಿ ನಾರುಗಳು ಪದರ ಪದರವಾಗಿ, ಒಂದು ಕ್ರಮದಲ್ಲಿ ಜೋಡಣೆಯಾಗಿರುತ್ತವೆ. ಕ್ಯಾನ್ಸರಿನ ಪ್ರಚೋದನೆಯಿಂದ ಅವಸರವಾಗಿ ರೂಪುಗೊಂಡ ಮೂಳೆಯಲ್ಲಿ ಅವು ಅಡ್ಡಾದಿಡ್ಡಿಯಾಗಿರುತ್ತವೆ. ಜೊತೆಗೆ ಅದೇ ಸ್ಥಳದಲ್ಲಿ ಹಳೆಯ ಮೂಳೆಯನ್ನು ಕರಗಿಸುವ ಕಾರ್ಯವೂ ಹೆಚ್ಚಾಗಿರುತ್ತದೆ. ಆದ್ದರಿಂದ ಇಂತಹ ಮೂಳೆ ನೋಯುತ್ತದೆ, ಕೆಲವೊಮ್ಮೆ ಸಣ್ಣ ಪೆಟ್ಟಿಗೂ ಮುರಿಯುತ್ತದೆ.

ಈ ಹಿನ್ನೆಲೆಯಲ್ಲಿ ಎರಡು ಶೋಧಗಳು ಹಗಿನ್ಸ್ ಅವರಿಗೆ ನೆರವಾದವು. ಜರ್ಮನಿಯ ಕುಚರ್ ಮತ್ತು ವೋಲ್‌ಬರ್ಗ್ಸ್ 1935ರಲ್ಲಿ ಮಾನವ ಪ್ರಾಸ್ಟೇಟಿನಲ್ಲಿ ಆಮ್ಲ ಗುಣದ ದ್ರಾವಣದಲ್ಲಿ ಕೆಲಸ ಮಾಡುವ ಇನ್ನೊಂದು ಬಗೆಯ ಫಾಸ್ಫಟೇಸ್ ಹೇರಳವಾಗಿರುವುದನ್ನು ಕಂಡುಹಿಡಿದಿದ್ದರು. ನ್ಯೂಯಾರ್ಕಿನ ಅಲೆಕ್ಸಾಂಡರ್ ಗುಟ್‌ಮನ್ ಮತ್ತು ಎಥೆಲ್ ಗುಟ್‌ಮನ್ ದಂಪತಿಗಳು, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದವರ ರಕ್ತದಲ್ಲಿ ಈ ಆಮ್ಲೀಯ ಫಾಸ್ಫಟೇಸ್ ಹೆಚ್ಚಾಗಿರುವುದನ್ನು 1938ರಲ್ಲಿ ವರದಿ ಮಾಡಿದರು.

ಇದರ ಅರ್ಥ ಇಷ್ಟು: ಒಬ್ಬ ರೋಗಿಯ ರಕ್ತದಲ್ಲಿ ಎರಡು ಕಿಣ್ವಗಳನ್ನು ಅಳೆಯಬಹುದಾಗಿತ್ತು. ಆಮ್ಲೀಯ ಫಾಸ್ಫಟೇಸ್ ಪ್ರಾಸ್ಟೇಟ್ ಮೂಲದ ಕ್ಯಾನ್ಸರ್ ಕೋಶಗಳ ಚಟುವಟಿಕೆಯನ್ನು ತಿಳಿಸುತ್ತಿತ್ತು. ಕ್ಷಾರೀಯ ಫಾಸ್ಫಟೇಸ್ ಆ ಕ್ಯಾನ್ಸರಿಗೆ ಪ್ರತಿಕ್ರಿಯೆಯಾಗಿ ಮೂಳೆ ಕಟ್ಟುತ್ತಿದ್ದ ಕೋಶಗಳ ಚಟುವಟಿಕೆಯನ್ನು ತಿಳಿಸುತ್ತಿತ್ತು. ಮೂಳೆಯ ಒಳಗೆ, ಕಣ್ಣಿಗೆ ಕಾಣದಂತೆ ನಡೆಯುತ್ತಿದ್ದ ವ್ಯಾಪಾರದ ಎರಡೂ ಕಡೆಯ ಲೆಕ್ಕ ಹೀಗೆ ಹೊರಗಿನಿಂದಲೇ ಸಿಗುವಂತಾಯಿತು.

1941ರ ಪ್ರಯೋಗಗಳು

ಹಗಿನ್ಸ್ ಅವರು ತಮ್ಮ ಕಿರಿಯ ಸಹೋದ್ಯೋಗಿ ಕ್ಲಾರೆನ್ಸ್ ಹಾಜಸ್ ಅವರೊಡನೆ, ರೋಗ ಮೂಳೆಗೆ ಹರಡಿದ್ದ ಪುರುಷರಲ್ಲಿ ಎರಡು ವಿಧದ ಚಿಕಿತ್ಸೆಗಳನ್ನು ಪರೀಕ್ಷಿಸಿದರು. ಒಂದು, ಶಸ್ತ್ರಕ್ರಿಯೆಯಿಂದ ವೃಷಣಗಳನ್ನು ತೆಗೆಯುವುದು. ಮತ್ತೊಂದು, ಈಸ್ಟ್ರೋಜನ್ ನೀಡುವುದು. ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಂಗಡಿಗರು 1938ರಲ್ಲಿ ತಯಾರಿಸಿದ್ದ ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ಈ ಎರಡನೆಯ ಮಾರ್ಗವನ್ನು ಸುಲಭಗೊಳಿಸಿತು.

ವೃಷಣಗಳನ್ನು ತೆಗೆದ ಬಳಿಕ ರಕ್ತದಲ್ಲಿದ್ದ ಆಮ್ಲೀಯ ಫಾಸ್ಫಟೇಸ್ ಬೇಗನೆ ಇಳಿಯಿತು. ಈಸ್ಟ್ರೋಜನ್ ಚಿಕಿತ್ಸೆಯಲ್ಲಿಯೂ ಅದೇ ಫಲ ಕಂಡುಬಂದಿತು. ಪುರುಷ ಹಾರ್ಮೋನನ್ನು ಚುಚ್ಚಿದಾಗ ಅದು ಏರಿತು. ಕ್ಯಾನ್ಸರಿನ ಚಟುವಟಿಕೆ ಹಾರ್ಮೋನಿನ ಪೂರೈಕೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಿದೆ ಎಂಬುದಕ್ಕೆ ಈ ಅಂಕಿಗಳು ಸಾಕ್ಷಿಯಾದವು. 1941ರಲ್ಲಿ ಪ್ರಕಟವಾದ ಈ ಪ್ರಬಂಧ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ಒಂದು ತಿರುವು ಎನಿಸಿದೆ.

ಕ್ಷಾರೀಯ ಫಾಸ್ಫಟೇಸಿನ ವರ್ತನೆ ಇಷ್ಟು ಸರಳವಾಗಿರಲಿಲ್ಲ. ಶಸ್ತ್ರಕ್ರಿಯೆಯ ನಂತರ ಅದು ಮೊದಲು ಸ್ವಲ್ಪ ಕಾಲ ಏರಿ, ಆಮೇಲೆ ನಿಧಾನವಾಗಿ ಇಳಿಯಿತು. ಈ ಕಿಣ್ವದ ಏರಿಕೆಯನ್ನು ರೋಗದ ಉಲ್ಬಣವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿತ್ತು. ಆದರೆ ಅದೇ ವೇಳೆಗೆ ಆಮ್ಲೀಯ ಫಾಸ್ಫಟೇಸ್ ಇಳಿಯುತ್ತಿದ್ದುದರಿಂದಲೂ ರೋಗಿಗಳು ಚೇತರಿಸಿಕೊಳ್ಳುತ್ತಿದ್ದುದರಿಂದಲೂ ಸಂಗತಿ ಬೇರೆಯೇ ಎಂಬುದು ಸ್ಪಷ್ಟವಾಯಿತು. ಕ್ಯಾನ್ಸರ್ ಹಿಮ್ಮೆಟ್ಟಿದ ಜಾಗದಲ್ಲಿ ಮೂಳೆ ತನ್ನನ್ನು ತಾನು ಸರಿಪಡಿಸಿಕೊಳ್ಳುವಾಗಲೂ ಆಸ್ಟಿಯೋಬ್ಲಾಸ್ಟುಗಳು ಹೆಚ್ಚು ಕೆಲಸ ಮಾಡುತ್ತವೆ. ಆ ಕೆಲಸ ಮುಗಿದ ಮೇಲೆ ಕಿಣ್ವದ ಪ್ರಮಾಣ ತಗ್ಗುತ್ತದೆ. ಮೂಳೆಯ ರಚನೆ ರೋಗದ ಲಕ್ಷಣವೂ ಆಗಬಹುದು, ಗುಣವಾಗುತ್ತಿರುವುದರ ಲಕ್ಷಣವೂ ಆಗಬಹುದು ಎಂಬ ಈ ವಿವೇಚನೆ ಇಂದಿಗೂ ವೈದ್ಯರಿಗೆ ಅಗತ್ಯವಾಗಿದೆ.

ಅದೇ ವರ್ಷ ಹಗಿನ್ಸ್, ಸ್ಟೀವನ್ಸ್ ಮತ್ತು ಹಾಜಸ್ ಅವರು ರೋಗ ಮುಂದುವರಿದಿದ್ದ 21 ಮಂದಿಯ ಚಿಕಿತ್ಸೆಯ ವಿವರಗಳನ್ನು ಪ್ರಕಟಿಸಿದರು. ಬಹುತೇಕರಲ್ಲಿ ಸುಧಾರಣೆ ಕಂಡುಬಂದಿತು. ಕೆಲವರಲ್ಲಿ ಮೂಳೆಯ ನೋವು ಕೆಲವೇ ದಿನಗಳಲ್ಲಿ ಶಮನವಾಯಿತು. ಹಸಿವು ಮರಳಿತು, ತೂಕ ಹೆಚ್ಚಿತು, ರಕ್ತಹೀನತೆ ಕಡಿಮೆಯಾಯಿತು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡುವಂತಾದರು. ಆದರೆ ಈ ಚಿಕಿತ್ಸೆ ಬೆಲೆಯಿಲ್ಲದೆ ದೊರೆಯುತ್ತಿರಲಿಲ್ಲ. ಲೈಂಗಿಕ ಶಕ್ತಿ ಕುಂದುವುದು, ಮೈಯೆಲ್ಲ ಹಠಾತ್ತನೆ ಬಿಸಿಯೇರುವುದು ಮೊದಲಾದ ಪರಿಣಾಮಗಳನ್ನು ರೋಗಿಗಳು ಸಹಿಸಬೇಕಾಗಿತ್ತು.

ಈ ಕಾರ್ಯದ ತಾತ್ತ್ವಿಕ ಮಹತ್ವವೂ ದೊಡ್ಡದು. ಕ್ಯಾನ್ಸರ್ ಕೋಶವು ದೇಹದ ಯಾವ ಹತೋಟಿಗೂ ಸಿಗದೆ ಸ್ವತಂತ್ರವಾಗಿ ಬೆಳೆಯುತ್ತದೆ ಎಂಬ ನಂಬಿಕೆ ಅಂದು ವ್ಯಾಪಕವಾಗಿತ್ತು. ಗ್ಲಾಸ್ಗೋದ ಜಾರ್ಜ್ ಬೀಟ್ಸನ್ 1896ರಲ್ಲಿ ಅಂಡಾಶಯಗಳನ್ನು ತೆಗೆದು ಸ್ತನ ಕ್ಯಾನ್ಸರನ್ನು ಕುಗ್ಗಿಸಿದ್ದರೂ ಅದರ ಹಿಂದಿನ ಕಾರಣ ಆಗ ತಿಳಿದಿರಲಿಲ್ಲ. ಮೂಲ ಅಂಗಾಂಶದ ಹಾರ್ಮೋನು ಅವಲಂಬನೆಯನ್ನು ಕ್ಯಾನ್ಸರ್ ಕೋಶವೂ ಉಳಿಸಿಕೊಂಡಿರಬಹುದು, ದೂರದ ಮೂಳೆಗೆ ವಲಸೆ ಹೋದ ಮೇಲೂ ಆ ಅವಲಂಬನೆ ಹೋಗದಿರಬಹುದು ಎಂಬುದನ್ನು ಹಗಿನ್ಸ್ ಅಳತೆಯ ಆಧಾರದಿಂದ ಸ್ಥಾಪಿಸಿದರು.

ಚಿಕಿತ್ಸೆಯ ಮಿತಿ ಮತ್ತು ಮುಂದಿನ ಪ್ರಯತ್ನಗಳು

ಚಿಕಿತ್ಸೆಯ ಫಲ ಅನೇಕರಲ್ಲಿ ಶಾಶ್ವತವಾಗಿರಲಿಲ್ಲ. ತಿಂಗಳುಗಳ ಅಥವಾ ವರ್ಷಗಳ ನಂತರ ರೋಗ ಮರುಕಳಿಸುತ್ತಿತ್ತು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಸ್ವಲ್ಪ ಪ್ರಮಾಣದಲ್ಲಿ ಪುರುಷ ಹಾರ್ಮೋನುಗಳನ್ನು ಉತ್ಪಾದಿಸುತ್ತವೆ. ರೋಗ ಮರಳಲು ಇದು ಕಾರಣವಿರಬಹುದೆಂದು ಊಹಿಸಿದ ಹಗಿನ್ಸ್, ವಿಲಿಯಂ ಸ್ಕಾಟ್ ಅವರೊಡಗೂಡಿ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆಯುವ ಪ್ರಯತ್ನವನ್ನು 1945ರಲ್ಲಿ ವರದಿ ಮಾಡಿದರು. ಬದುಕಿಗೆ ಅತ್ಯಗತ್ಯವಾದ ಹಾರ್ಮೋನುಗಳನ್ನೂ ಆ ಗ್ರಂಥಿಗಳೇ ನೀಡುವುದರಿಂದ, ಬದಲಿ ಔಷಧಿ ಇಲ್ಲದ ಆ ಕಾಲದಲ್ಲಿ ಇದು ಅತ್ಯಂತ ಅಪಾಯದ ಚಿಕಿತ್ಸೆಯಾಗಿತ್ತು. ಕಾರ್ಟಿಸೋನ್ ಲಭ್ಯವಾದ ಮೇಲೆ, 1950ರ ದಶಕದ ಆರಂಭದಲ್ಲಿ ಹಗಿನ್ಸ್ ಮತ್ತು ಬರ್ಗೆನ್‌ಸ್ಟಾಲ್ ಅವರು ಈ ಶಸ್ತ್ರಕ್ರಿಯೆಯನ್ನು ಪ್ರಾಸ್ಟೇಟ್ ಹಾಗೂ ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ನಡೆಸಿದರು. ಸ್ತನ ಕ್ಯಾನ್ಸರಿನ ಒಂದು ಭಾಗದ ರೋಗಿಗಳಲ್ಲಿ ಒಳ್ಳೆಯ ಫಲ ದೊರೆಯಿತು.

ಕಿಣ್ವಗಳನ್ನು ಸುಲಭವಾಗಿ ಅಳೆಯುವ ವಿಧಾನಕ್ಕೂ ಹಗಿನ್ಸ್ ಕೊಡುಗೆ ನೀಡಿದರು. ಕಿಣ್ವವು ಒಡೆದಾಗ ಬಣ್ಣ ತಳೆಯುವಂತಹ ಸಂಯುಕ್ತಗಳನ್ನು ಅವರು ಮತ್ತು ಅವರ ವಿದ್ಯಾರ್ಥಿ ಪಾಲ್ ತಲಾಲೆ ಬಳಕೆಗೆ ತಂದರು. ಬಣ್ಣದ ಗಾಢತೆಯಿಂದ ಕಿಣ್ವದ ಪ್ರಮಾಣವನ್ನು ತಿಳಿಯುವ ಈ ತತ್ತ್ವವನ್ನು ರೋಗಪತ್ತೆಯ ಪ್ರಯೋಗಾಲಯಗಳು ವ್ಯಾಪಕವಾಗಿ ಅನುಸರಿಸುತ್ತವೆ.

ಬೆನ್ ಮೇ ಪ್ರಯೋಗಾಲಯ

ಅಲಬಾಮಾ ರಾಜ್ಯದ ಉದ್ಯಮಿ ಬೆನ್ ಮೇ ಅವರ ಧನಸಹಾಯದಿಂದ 1951ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಕ್ಯಾನ್ಸರ್ ಸಂಶೋಧನೆಗೆಂದೇ ಒಂದು ಪ್ರಯೋಗಾಲಯ ಸ್ಥಾಪನೆಯಾಯಿತು. ಹಗಿನ್ಸ್ ಅವರು ಅದರ ನಿರ್ದೇಶಕರಾಗಿ 1969ರವರೆಗೆ ಸೇವೆ ಸಲ್ಲಿಸಿದರು. ಈ ಅವಧಿಯಲ್ಲಿ ಅವರ ಗಮನ ಸ್ತನ ಕ್ಯಾನ್ಸರಿನತ್ತ ಹರಿಯಿತು. ಒಂದು ನಿರ್ದಿಷ್ಟ ರಾಸಾಯನಿಕವನ್ನು ಒಂದೇ ಒಂದು ಸಲ ತಿನ್ನಿಸಿ ಎಳೆಯ ಹೆಣ್ಣು ಇಲಿಗಳಲ್ಲಿ ಸ್ತನ ಕ್ಯಾನ್ಸರನ್ನು ಉಂಟುಮಾಡುವ ವಿಧಾನವನ್ನು ಅವರ ತಂಡ 1961ರಲ್ಲಿ ಪ್ರಕಟಿಸಿತು. ಈ ಗಡ್ಡೆಗಳಲ್ಲಿ ಹಲವು ಹಾರ್ಮೋನನ್ನು ಅವಲಂಬಿಸಿದ್ದುದರಿಂದ ಚಿಕಿತ್ಸೆಗಳನ್ನು ಪರೀಕ್ಷಿಸಲು ಅನುಕೂಲವಾಯಿತು.

ಇದೇ ಪ್ರಯೋಗಾಲಯದಲ್ಲಿದ್ದ ಎಲ್ವುಡ್ ಜೆನ್ಸನ್ ಅವರು ಈಸ್ಟ್ರೋಜನ್ ಗ್ರಾಹಕವನ್ನು ಗುರುತಿಸಿ, ಹಾರ್ಮೋನು ಕೋಶದ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ವಿವರಣೆ ನೀಡಿದರು. ಹಗಿನ್ಸ್ ಅವರ ನಂತರ ನಿರ್ದೇಶಕರಾದವರೂ ಅವರೇ.

ಮತ್ತೆ ಮೂಳೆಯತ್ತ

ನಿರ್ದೇಶಕ ಸ್ಥಾನದಿಂದ ಬಿಡುಗಡೆ ಹೊಂದಿದ ಮೇಲೂ ಹಗಿನ್ಸ್ ಪ್ರಯೋಗಾಲಯವನ್ನು ಬಿಡಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಅವರು ತಮ್ಮ ಯೌವನದ ಪ್ರಶ್ನೆಗೆ ಮರಳಿದರು. ಖನಿಜಾಂಶವನ್ನು ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇರಿಸಿದರೆ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂಬುದನ್ನು ಲಾಸ್ ಏಂಜಲೀಸಿನ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದರು. ಭಾರತದಲ್ಲಿ ಶಿಕ್ಷಣ ಪಡೆದು ಅಮೆರಿಕಕ್ಕೆ ತೆರಳಿದ್ದ ವಿಜ್ಞಾನಿ ಎ. ಹರಿ ರೆಡ್ಡಿ ಅವರೊಡನೆ ಹಗಿನ್ಸ್ ಈ ವಿಷಯದ ವ್ಯವಸ್ಥಿತ ಅಧ್ಯಯನ ಕೈಗೊಂಡರು.

ಖನಿಜ ತೆಗೆದ ಮೂಳೆಯ ಪುಡಿಯನ್ನು ಎಳೆಯ ಇಲಿಗಳ ಚರ್ಮದ ಕೆಳಗೆ ಇರಿಸಿ, ಅಲ್ಲಿನ ಕೋಶಗಳಲ್ಲಿ ಆಗುವ ಬದಲಾವಣೆಗಳನ್ನು ದಿನದಿಂದ ದಿನಕ್ಕೆ ಅವರು ದಾಖಲಿಸಿದರು. ಮೊದಲು ಮೃದ್ವಸ್ಥಿ, ಬಳಿಕ ಮೂಳೆ, ಕೊನೆಗೆ ಮಜ್ಜೆ ಎಂಬ ಕ್ರಮದಲ್ಲಿ ಅಂಗಾಂಶಗಳು ರೂಪುಗೊಂಡವು. ಈ ಹಂತಗಳನ್ನು ಗುರುತಿಸಲು ಬಳಸಿದ ಅಳತೆಗೋಲುಗಳಲ್ಲಿ ಕ್ಷಾರೀಯ ಫಾಸ್ಫಟೇಸ್ ಕೂಡ ಒಂದು. 1972ರಲ್ಲಿ ಈ ಪ್ರಬಂಧ ಹೊರಬಂದಿತು. ಮೂಳೆಯನ್ನು ಪ್ರಚೋದಿಸುವ ಪ್ರೋಟೀನುಗಳನ್ನು ಮುಂದೆ ಬೇರ್ಪಡಿಸುವ ಕಾರ್ಯದಲ್ಲಿ ರೆಡ್ಡಿ ಅವರು ಪ್ರಮುಖ ಪಾತ್ರ ವಹಿಸಿದರು. ಬಿ.ಎಂ.ಪಿ. ಎಂದು ಕರೆಯಲಾಗುವ ಈ ಪ್ರೋಟೀನುಗಳಲ್ಲಿ ಕೆಲವನ್ನು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳೂ ಉತ್ಪಾದಿಸುತ್ತವೆ ಎಂಬುದು ನಂತರ ತಿಳಿದುಬಂದಿದೆ. 1931ರಲ್ಲಿ ಹಗಿನ್ಸ್ ನಾಯಿಗಳಲ್ಲಿ ಕಂಡ ವಿದ್ಯಮಾನಕ್ಕೂ ರೋಗಿಗಳ ಬೆನ್ನೆಲುಬಿನಲ್ಲಿ ಕಾಣುವ ಬಿಳಿಯ ಕಲೆಗಳಿಗೂ ಹೀಗೆ ಒಂದು ಹತ್ತಿರದ ಹೋಲಿಕೆಯಿದೆ.

ವ್ಯಕ್ತಿತ್ವ

ಹಗಿನ್ಸ್ ಅವರು ಸಣ್ಣ ತಂಡದೊಡನೆ, ತಮ್ಮ ಕೈಯಿಂದಲೇ ಪ್ರಯೋಗಗಳನ್ನು ನಡೆಸುವುದನ್ನು ಇಷ್ಟಪಡುತ್ತಿದ್ದರು. ಆಡಳಿತದ ಕೆಲಸಗಳಿಗಿಂತ ಪ್ರಯೋಗಾಲಯದ ದಿನಚರಿಯೇ ಅವರಿಗೆ ಪ್ರಿಯವಾಗಿತ್ತು. ವಿದ್ಯಾರ್ಥಿಗಳಿಂದ ಕಠಿಣ ದುಡಿಮೆಯನ್ನು ನಿರೀಕ್ಷಿಸುತ್ತಿದ್ದರು. ಬಾಖ್ ಮತ್ತು ಮೋಟ್ಸಾರ್ಟ್ ಅವರ ಸಂಗೀತವನ್ನು ಮೆಚ್ಚುತ್ತಿದ್ದರು. ಪತ್ನಿ ಮಾರ್ಗರೆಟ್ 1983ರಲ್ಲಿ ನಿಧನರಾದರು.

ಪ್ರಶಸ್ತಿ ಮತ್ತು ಗೌರವಗಳು

1949ರಲ್ಲಿ ಹಗಿನ್ಸ್ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. 1963ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. 1966ರ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಭಾಗ ಅವರಿಗೂ, ಇನ್ನರ್ಧ ಭಾಗ ಕೋಳಿಗಳಲ್ಲಿ ಗಡ್ಡೆಯುಂಟುಮಾಡುವ ವೈರಸ್ಸನ್ನು 1911ರಲ್ಲಿ ಕಂಡುಹಿಡಿದಿದ್ದ ಪೇಟನ್ ರೌಸ್ ಅವರಿಗೂ ದೊರೆಯಿತು. ಹಗಿನ್ಸ್ ಅವರ ವಿಷಯದಲ್ಲಿ ಶೋಧಕ್ಕೂ ಪ್ರಶಸ್ತಿಗೂ ನಡುವೆ ಇಪ್ಪತ್ತೈದು ವರ್ಷಗಳ ಅಂತರವಿತ್ತು. ತಾವು ಓದಿದ ಅಕಾಡಿಯಾ ವಿಶ್ವವಿದ್ಯಾನಿಲಯದ ಕುಲಾಧಿಪತಿಯಾಗಿ 1972ರಿಂದ 1979ರವರೆಗೆ ಅವರು ಕಾರ್ಯನಿರ್ವಹಿಸಿದರು.

ನಿಧನ

ಹಗಿನ್ಸ್ ಅವರು 1997ರ ಜನವರಿ 12ರಂದು ಶಿಕಾಗೋದಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಕೊಡುಗೆಯ ಮಹತ್ವ

ಪ್ರಾಸ್ಟೇಟ್ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದ್ದಾಗ ಪುರುಷ ಹಾರ್ಮೋನಿನ ಪ್ರಭಾವವನ್ನು ತಡೆಯುವುದು ಇಂದಿಗೂ ಚಿಕಿತ್ಸೆಯ ತಳಹದಿಯಾಗಿದೆ. ಶಸ್ತ್ರಕ್ರಿಯೆಯ ಬದಲು ಚುಚ್ಚುಮದ್ದಿನಿಂದ ವೃಷಣಗಳ ಹಾರ್ಮೋನು ಉತ್ಪಾದನೆಯನ್ನು ನಿಲ್ಲಿಸುವ ಔಷಧಿಗಳು 1980ರ ದಶಕದಿಂದ ಬಳಕೆಯಲ್ಲಿವೆ. ಅಡ್ರಿನಲ್ ಗ್ರಂಥಿಗಳಲ್ಲಿ ಮತ್ತು ಗಡ್ಡೆಯಲ್ಲಿಯೇ ಉಂಟಾಗುವ ಪುರುಷ ಹಾರ್ಮೋನನ್ನು ತಡೆಯುವ ಅಬಿರಾಟೆರೋನ್ ಎಂಬ ಔಷಧಿಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಹಗಿನ್ಸ್ ಅಡ್ರಿನಲ್ ಗ್ರಂಥಿಗಳನ್ನೇ ತೆಗೆದು ಸಾಧಿಸಲು ಬಯಸಿದ್ದನ್ನು ಇದು ಮಾತ್ರೆಯ ಮೂಲಕ ಸಾಧಿಸುತ್ತದೆ. ರೋಗದ ಗತಿಯನ್ನು ಅಳೆಯಲು ಆಮ್ಲೀಯ ಫಾಸ್ಫಟೇಸಿನ ಬದಲಾಗಿ ಈಗ ಪಿ.ಎಸ್.ಎ. ಎಂಬ ಪ್ರೋಟೀನಿನ ಪರೀಕ್ಷೆಯನ್ನು ಮಾಡಲಾಗುತ್ತದೆ. ಆದರೆ ಮೂಳೆಯ ಪ್ರತಿಕ್ರಿಯೆಯನ್ನು ತಿಳಿಯಲು ಕ್ಷಾರೀಯ ಫಾಸ್ಫಟೇಸಿನ ಪರೀಕ್ಷೆ ಇಂದಿಗೂ ಉಳಿದುಕೊಂಡಿದೆ.

ಕ್ಯಾನ್ಸರ್ ಕೋಶ ಮತ್ತು ಮೂಳೆಯ ಕೋಶಗಳ ನಡುವಿನ ಸಂಬಂಧದ ವಿವರಗಳು ಈಗ ಹೆಚ್ಚು ತಿಳಿದಿವೆ. ಎಂಡೋಥೀಲಿನ್-1, ಬಿ.ಎಂ.ಪಿ. ಮತ್ತು ವಿಂಟ್ ಗುಂಪಿನ ಪ್ರೋಟೀನುಗಳ ಮೂಲಕ ಕ್ಯಾನ್ಸರ್ ಕೋಶಗಳು ಆಸ್ಟಿಯೋಬ್ಲಾಸ್ಟುಗಳನ್ನು ಉತ್ತೇಜಿಸುತ್ತವೆ. ಮೂಳೆ ಕರಗುವಾಗ ಅದರಲ್ಲಿ ಅಡಕವಾಗಿದ್ದ ಬೆಳವಣಿಗೆಯ ಅಂಶಗಳು ಬಿಡುಗಡೆಯಾಗಿ ಕ್ಯಾನ್ಸರ್ ಕೋಶಗಳಿಗೆ ಪೋಷಣೆ ನೀಡುತ್ತವೆ. ಹೀಗೆ ಒಂದು ಮತ್ತೊಂದನ್ನು ಬೆಳೆಸುವ ವಿಷಚಕ್ರ ಏರ್ಪಡುತ್ತದೆ. ಮೂಳೆ ಕರಗುವುದನ್ನು ತಡೆಯುವ ಜೋಲೆಡ್ರೋನಿಕ್ ಆಮ್ಲ ಮತ್ತು ಡೆನೋಸುಮ್ಯಾಬ್ ಔಷಧಿಗಳು ಮೂಳೆ ಮುರಿತದಂತಹ ತೊಂದರೆಗಳನ್ನು ಕಡಿಮೆ ಮಾಡುತ್ತವೆ. ಹೊಸ ಮೂಳೆ ರಚನೆಯಾಗುವ ಜಾಗದಲ್ಲಿ ಕ್ಯಾಲ್ಸಿಯಂನಂತೆಯೇ ಸೇರಿಕೊಳ್ಳುವ ರೇಡಿಯಂ-223 ಎಂಬ ವಿಕಿರಣಶೀಲ ಔಷಧಿಯು ಅತಿಯಾದ ಮೂಳೆ ರಚನೆಯನ್ನೇ ಗುರಿಯನ್ನಾಗಿ ಮಾಡಿಕೊಂಡು ಅಲ್ಲಿನ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುತ್ತದೆ.

ಹಗಿನ್ಸ್ ತೋರಿಸಿದ ಚಿಕಿತ್ಸೆಗೆ ಮೂಳೆಯ ಮೇಲೆ ಇನ್ನೊಂದು ಪರಿಣಾಮವೂ ಇದೆ. ಪುರುಷ ಹಾರ್ಮೋನು ಕಡಿಮೆಯಾದಾಗ ಅದರಿಂದ ದೇಹದಲ್ಲಿ ಉಂಟಾಗುವ ಈಸ್ಟ್ರೋಜನ್ ಕೂಡ ಕಡಿಮೆಯಾಗುತ್ತದೆ. ಇದರಿಂದ ಕ್ಯಾನ್ಸರ್ ತಗುಲದ ಮೂಳೆಗಳೂ ವರ್ಷಗಳು ಕಳೆದಂತೆ ಸಾಂದ್ರತೆಯನ್ನು ಕಳೆದುಕೊಳ್ಳುತ್ತವೆ. ಒಂದೇ ದೇಹದಲ್ಲಿ ಕೆಲವೆಡೆ ಬೇಡದ ಮೂಳೆ ಬೆಳೆದು, ಉಳಿದೆಡೆ ಬೇಕಾದ ಮೂಳೆ ಸವೆಯುವ ಪರಿಸ್ಥಿತಿ ಇದು. ಆದ್ದರಿಂದ ಈ ಚಿಕಿತ್ಸೆ ಪಡೆಯುವವರ ಮೂಳೆಯ ಸಾಂದ್ರತೆಯನ್ನು ಅಳೆಯುವುದು, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಕೊರತೆಯಾಗದಂತೆ ನೋಡಿಕೊಳ್ಳುವುದು ಹಾಗೂ ವ್ಯಾಯಾಮವನ್ನು ಸೂಚಿಸುವುದು ಈಗ ಚಿಕಿತ್ಸಾಕ್ರಮದ ಭಾಗವಾಗಿದೆ.

ಚಿಕಿತ್ಸೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಮೂಳೆಯ ಸ್ಕ್ಯಾನ್ ಚಿತ್ರದಲ್ಲಿ ಕಲೆಗಳು ಹೆಚ್ಚಾದಂತೆ ಕಾಣುವುದುಂಟು. ರೋಗಿಗೂ ಮನೆಯವರಿಗೂ ಇದು ಆತಂಕ ತರುತ್ತದೆ. ಇದು ರೋಗದ ಏರಿಕೆಯಾಗಿರಬಹುದು. ಗುಣವಾಗುತ್ತಿರುವ ಮೂಳೆಯ ಹೊಸ ರಚನೆಯೂ ಆಗಿರಬಹುದು. ಪಿ.ಎಸ್.ಎ. ಪ್ರಮಾಣವನ್ನೂ ರೋಗಿಯ ಸ್ಥಿತಿಯನ್ನೂ ಜೊತೆಗಿಟ್ಟು ನೋಡಿ ವೈದ್ಯರು ಇದನ್ನು ನಿರ್ಧರಿಸುತ್ತಾರೆ. ಎರಡು ಕಿಣ್ವಗಳನ್ನು ಒಟ್ಟಿಗೆ ಅಳೆದು ಹಗಿನ್ಸ್ ಅವರು 1941ರಲ್ಲಿ ಅನುಸರಿಸಿದ್ದು ಇದೇ ಕ್ರಮವನ್ನು.